ಡ್ರಾಯಿಂಗ್‌ನಲ್ಲಿ ಹಸಿರು ಬಳಿದ ಪಟ್ಟಿಯನ್ನು ಬಫರ್ ಅಂತ ನಂಬಬೇಡಿ

ಮನೆಗಳಿಗೆ ಅಂಟಿಕೊಂಡಂತೆ ವರ್ಕ್‌ಶಾಪೋ ಗೋದಾಮೋ ಕಟ್ಟಿಸೋರು ಯಾರಾದ್ರೂ ಇದ್ದರೆ, ಪ್ಲ್ಯಾನಿಗೆ ಸಹಿ ಹಾಕೋ ಮುಂಚೆ ಇದನ್ನು ಓದಿ. ದಯವಿಟ್ಟು ಓದಿ. ನಮ್ಮ ವರ್ಕ್‌ಶಾಪ್ ಕಟ್ಟಡ ಮುಗಿದಿದೆ, ಕರೆಂಟ್ ಬಂದಿದೆ, ಯಂತ್ರಗಳು ಒಳಗೆ ಕೂತಿವೆ. ಶುರು ಮಾಡೋ ಹಾಗಿಲ್ಲ. ಕಟ್ಟಡದ್ದೇನೂ ತಪ್ಪಿಲ್ಲ, ಬೆಂಕಿ ಸುರಕ್ಷತೆಯದ್ದೂ ಇಲ್ಲ. ಗಡಿ ಪಕ್ಕದ ಗಿಡಗಳದ್ದು! ಕೇಳಿದವರೆಲ್ಲ ನಗ್ತಾರೆ. ನಗಲಿ, ನಗೋ ವಿಷಯವೇ.

ಬಫರ್ ಅಂದ್ರೆ ನಮ್ಮ ಗಲಾಟೆಗೂ ಪಕ್ಕದ ಮನೆಗೂ ನಡುವೆ, ಗಡಿಯುದ್ದಕ್ಕೂ ಗಿಡಮರಕ್ಕೆ ಅಂತ ಬಿಡಬೇಕಾದ ಪಟ್ಟಿ. ಹೆಚ್ಚಿಗೆ ಪಾಠ ಮಾಡಲ್ಲ, ಕಟ್ಟಡ ಕಟ್ಟಿಸಿದವರಿಗೆ ಗೊತ್ತಿರತ್ತೆ. ಝೋನಿಂಗ್ ನಿಯಮದಲ್ಲಿ, ಅಂದ್ರೆ ಯಾವ ವಲಯದಲ್ಲಿ ಏನು ಕಟ್ಟಬಹುದು ಅಂತ ಹೇಳೋ ನಿಯಮದಲ್ಲಿ, ಒಂದು ಕೋಷ್ಟಕ ಇರತ್ತೆ. ಒಂದು ಕಡೆ ನಿಮ್ಮ ಬಳಕೆ, ಇನ್ನೊಂದು ಕಡೆ ಪಕ್ಕದವರ ಬಳಕೆ. ಎರಡೂ ಸೇರೋ ಚೌಕದಲ್ಲಿ ಅಗಲ ಎಷ್ಟು, ಪ್ರತಿ 30 ಮೀಟರ್ ಉದ್ದಕ್ಕೆ ಎಷ್ಟು ಮರ, ಎಷ್ಟು ಪೊದೆ, ಗೋಡೆ ಬೇಕೋ ಬೇಡವೋ ಅಂತ ಬರೆದಿರತ್ತೆ. ಗಲಾಟೆ ಜಾಸ್ತಿ ಇರೋ ಬಳಕೆಯವರೇ ಸಾಮಾನ್ಯವಾಗಿ ಜಾಗ ಬಿಟ್ಟುಕೊಡಬೇಕು. ಇಷ್ಟೇ. ಇಷ್ಟರಲ್ಲೇ ಎಷ್ಟು ಕಡೆ ಟೋಪಿ ಹಾಕಬಹುದು ನೋಡಿ.

ಮೊದಲನೇದು, ಕೋಷ್ಟಕದ ಸಾಲು. ನಮ್ಮ ಡಿಸೈನರ್ 3 ಮೀಟರ್ ಹಸಿರು ಪಟ್ಟಿ ಬರೆದಿದ್ದರು. ಕೋಷ್ಟಕದಲ್ಲಿ 3 ಮೀಟರ್ ಇರೋದು ಆಫೀಸ್ ಮತ್ತು ಮನೆ ನಡುವೆ. ವರ್ಕ್‌ಶಾಪ್ ಮತ್ತು ಮನೆ ನಡುವೆ 6 ಮೀಟರ್. ಯಾಕ್ರೀ ಹೀಗೆ ಅಂದ್ರೆ ಬಂದ ಉತ್ತರ: "ಮುಂದುಗಡೆ ಆಫೀಸ್ ರೂಮ್ ಇದೆಯಲ್ಲ ಸರ್, ಅದನ್ನೇ ತಗೊಂಡ್ವಿ." ಮುಂದುಗಡೆ ಒಂದು ಟೇಬಲ್, ಎರಡು ಕುರ್ಚಿ. ಅದು ಆಫೀಸಂತೆ! ಒಂದೇ ಸೈಟಿನಲ್ಲಿ ಎರಡು ಬಳಕೆ ಇದ್ದರೆ ಭಾರಿ ಬಳಕೆಯ ಸಾಲೇ ಲೆಕ್ಕಕ್ಕೆ ಬರೋದು, ಇದು ಅವರಿಗೆ ಗೊತ್ತಿರಲಿಲ್ಲ ಅಂದ್ರೆ ನಂಬೋಕಾಗಲ್ಲ. 3 ಮೀಟರ್ ಅಂತ ತೋರಿಸಿದರೆ ನಾಲ್ಕು ಕಾರ್ ನಿಲ್ಲೋ ಜಾಗ ಹೆಚ್ಚಿಗೆ ಬರತ್ತೆ, ಗಿರಾಕಿ ಖುಷಿಯಾಗಿ ಕೆಲಸ ಕೊಡ್ತಾನೆ. ಗಿರಾಕಿ ಖುಷಿಯಾದ, ಕೊಟ್ಟ.

ಹಾಗಾದ್ರೆ ಪ್ಲ್ಯಾನ್ ಪಾಸ್ ಹೇಗಾಯ್ತು ಅಂತ ಕೇಳ್ತೀರಿ. ಪಾಸಾಗಿದ್ದು ಕಟ್ಟಡ. ಜೊತೆಗೆ ಬಂದ ಷರತ್ತಿನ ಹಾಳೆಯಲ್ಲಿ ಹನ್ನೊಂದನೇ ಸಾಲು: "ಬಫರ್ ನಿಯಮದಂತೆ, ಅಂತಿಮ ಪರಿಶೀಲನೆಗೆ ಒಳಪಟ್ಟು." ಅಂದ್ರೆ ಬಫರನ್ನು ಇನ್ನೂ ಯಾರೂ ನೋಡಿಲ್ಲ ಅಂತ ಅರ್ಥ. ಡಿಸೈನರ್ ಹೇಳಿದ್ದು "ಅದು ಎಲ್ಲರಿಗೂ ಹಾಕೋ ಸಾಲು ಸರ್." ಎಲ್ಲರಿಗೂ ಹಾಕ್ತಾರೆ ನಿಜ, ಎಲ್ಲರಿಗೂ ಅನ್ವಯವೂ ಆಗತ್ತೆ. ಆ ಹಾಳೆ ನನ್ನ ಫೈಲಿನಲ್ಲೇ ಇತ್ತು. ಓದಿರಲಿಲ್ಲ. ಬೈಯೋರು ಬೈಯಿರಿ.

ಈಗ ಆ ದಿನಕ್ಕೆ ಬರ್ತೀನಿ. ಇನ್ಸ್‌ಪೆಕ್ಟರ್ ಬಂದರು. ಕಟ್ಟಡ ನೋಡಲೇ ಇಲ್ಲ, ಸೀದಾ ಹಿಂದಕ್ಕೆ ಹೋಗಿ ಟೇಪ್ ಹಿಡಿದರು. ಡಿಸೈನರ್ ಕಡೆಯ ಹುಡುಗ ಟೇಪಿನ ತುದಿಯನ್ನು ಪಕ್ಕದ ಮನೆಯ ಕಾಂಪೌಂಡ್ ಗೋಡೆಗೆ ಒತ್ತಿ ಹಿಡಿದ. ಇನ್ಸ್‌ಪೆಕ್ಟರ್ ತಲೆ ಎತ್ತದೆ ಕೇಳಿದರು, "ಗಡಿ ಕಲ್ಲು ಎಲ್ಲಿ?" ಹುಡುಗ ನನ್ನ ಮುಖ ನೋಡಿದ, ನಾನು ಡಿಸೈನರ್ ಮುಖ ನೋಡಿದೆ. ಹುಲ್ಲು ಕೆದಕಿದಾಗ ಕಲ್ಲು ಸಿಕ್ಕಿತು, ಗೋಡೆಗಿಂತ ಅರ್ಧ ಮೀಟರ್ ನಮ್ಮ ಕಡೆಗೆ. ಪಕ್ಕದವರು ಗೋಡೆಯನ್ನು ತಮ್ಮ ಜಾಗದೊಳಗೇ ಸ್ವಲ್ಪ ಹಿಂದೆ ಸರಿಸಿ ಕಟ್ಟಿದ್ದಾರೆ, ಅದು ಅವರ ಇಷ್ಟ. ನಮ್ಮ ಡ್ರಾಯಿಂಗ್‌ನ 3 ಮೀಟರಿನಲ್ಲಿ ಅರ್ಧ ಮೀಟರ್ ಅವರ ನೆಲ! ಕಲ್ಲಿನಿಂದ ನಮ್ಮ ಟಾರಿನ ಅಂಚಿನ ತನಕ ಟೇಪ್ ತೋರಿಸಿದ್ದು ಎರಡು ಮೀಟರ್ ಐವತ್ತೊಂದು ಸೆಂಟಿಮೀಟರ್. ಬೇಕಿದ್ದದ್ದು ಆರು. ಕಿವಿ ಬಿಸಿಯಾಯ್ತು. ಆಗ ಡಿಸೈನರ್ ಹೇಳಿದ ಮಾತು: "ಗೋಡೇನೇ ಗಡಿ ಅನ್ಕೊಂಡಿದ್ವಿ ಸರ್." ಅನ್ಕೊಂಡಿದ್ರಂತೆ. ಸರ್ವೆ ನಕ್ಷೆ ಅವರ ಕೈಗೆ ಕೊಟ್ಟು ಎಂಟು ತಿಂಗಳಾಗಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಅದೇ ಸರ್ವೆ ನಕ್ಷೆಯಲ್ಲಿ ಗಡಿಯುದ್ದಕ್ಕೂ ಒಂದೂವರೆ ಮೀಟರ್ ಅಗಲಕ್ಕೆ ಚುಕ್ಕಿಗೆರೆ ಇದೆ. ಕೆಳಗೆ ಚರಂಡಿ ಪೈಪ್. ಪೈಪಿನ ಹಕ್ಕಿನ ಪಟ್ಟಿ ಅದು, ರಿಪೇರಿಗೆ ಯಾವಾಗ ಬೇಕಾದ್ರೂ ಅಗೀತಾರೆ. ಅದರ ಮೇಲೆ ಮರ ನೆಡೋ ಹಾಗಿಲ್ಲ. ನೆಟ್ಟರೂ ಲೆಕ್ಕಕ್ಕಿಲ್ಲ, ಬೇರು ಪೈಪಿನ ಕೀಲಿನೊಳಗೆ ನುಗ್ಗಿದರೆ ಖರ್ಚು ನಮ್ಮದೇ. ಎರಡೂವರೆಯಲ್ಲಿ ಒಂದೂವರೆ ಹೋದರೆ ಉಳಿದದ್ದು ಒಂದು ಮೀಟರ್. ಅದರಲ್ಲೂ ಒಂದು ಮೂಲೆಯಲ್ಲಿ ಜನರೇಟರಿಗೆ ಕಾಂಕ್ರೀಟ್ ಕಟ್ಟೆ ಹಾಕಿಬಿಟ್ಟಿದ್ದಾರೆ. ಕಟ್ಟೆ, ಕಸದ ಡಬ್ಬ, ಪಾರ್ಕಿಂಗ್, ಟ್ರಾನ್ಸ್‌ಫಾರ್ಮರ್, ಇವೆಲ್ಲ ಬಫರಿನೊಳಗೆ ಬರೋ ಹಾಗಿಲ್ಲ. ಯಾವ ಊರಿನ ನಿಯಮವೇ ಆದ್ರೂ ಈ ಮಾತು ಹೆಚ್ಚುಕಡಿಮೆ ಇದ್ದೇ ಇರತ್ತೆ.

ಇನ್ನು ಗಿಡ. ನಮ್ಮ ಗಡಿ 60 ಮೀಟರ್. ಪ್ರತಿ 30 ಮೀಟರಿಗೆ 4 ದೊಡ್ಡ ಮರ, 6 ಸಣ್ಣ ಮರ, 24 ಪೊದೆ. ಅಂದ್ರೆ 8, 12, 48. ಲ್ಯಾಂಡ್‌ಸ್ಕೇಪ್ ಕಂಟ್ರಾಕ್ಟರ್ ನೆಟ್ಟಿದ್ದು ಒಂದೇ ಜಾತಿಯ 60 ಗಿಡ, ಮೀಟರಿಗೊಂದು, ದಾರ ಹಿಡಿದ ಹಾಗೆ ನೇರ. ನೋಡೋಕೆ ಚೆಂದ. ಪೊದೆ ಲೆಕ್ಕಕ್ಕೆ 12 ಜಾಸ್ತಿ, ಮರದ ಲೆಕ್ಕಕ್ಕೆ ಸೊನ್ನೆ. "ಒಟ್ಟು 68ರಲ್ಲಿ 60 ಹಾಕಿದ್ದೀವಲ್ಲ ಸರ್, ಎಂಟು ಕಮ್ಮಿ ಅಷ್ಟೇ" ಅಂದರು. ಸಾಮಾನು ಅಂಗಡಿ ಲೆಕ್ಕ!

ಆಮೇಲೆ ಮರ ಅಂತ ತಂದು ಸೇರಿಸಿದ್ದು ಆಳೆತ್ತರದ ಕಡ್ಡಿಗಳು. ಕೊಟೇಶನ್‌ನಲ್ಲಿ "ಆರಡಿ ಗಿಡ" ಅಂತ ಇತ್ತು, ಆರಡಿ ಇದ್ದವು. ಆದ್ರೆ ನೆಡುವಾಗ ಮರಕ್ಕೆ ನಿಯಮ ಕೇಳೋದು ಕಾಂಡದ ದಪ್ಪ. ನೆಲದಿಂದ 15 ಸೆಂಟಿಮೀಟರ್ ಮೇಲೆ ಅಳೀತಾರೆ, ನಮಗೆ ಬೇಕಿದ್ದದ್ದು 5 ಸೆಂಟಿಮೀಟರ್. ಇವು ಹೆಬ್ಬೆರಳಿನಷ್ಟೂ ಇರಲಿಲ್ಲ. ನರ್ಸರಿಯಲ್ಲಿ ಒತ್ತೊತ್ತಾಗಿ ಇಟ್ಟರೆ ಬೆಳಕಿಗೆ ಹಾತೊರೆದು ಎತ್ತರಕ್ಕೆ ಹೋಗ್ತವೆ, ಕಾಂಡ ದಪ್ಪ ಆಗಲ್ಲ. ಕೋಲು ಬಿಚ್ಚಿದ ದಿನವೇ ಬಾಗ್ತವೆ. ಆರ್ಡರ್ ಕೊಡುವಾಗ ಅಡಿ ಲೆಕ್ಕ ಬರೆಸಬೇಡಿ, ಕಾಂಡದ ಅಳತೆ ಬರೆಸಿ.

ನೆಟ್ಟ ರೀತಿ ನೋಡಬೇಕಿತ್ತು. ಚರಂಡಿ ಕಡೆಯ ಸಾಲಿನಲ್ಲಿ ಒಂಬತ್ತು ಗಿಡ ಒಂದರ ಹಿಂದೆ ಒಂದು ಒಣಗಿದವು. ಒಂದನ್ನು ಕಿತ್ತು ನೋಡಿದೆ. ಕಾಂಡ ಅಗಲವಾಗಿ ಬೇರಿಗೆ ಇಳಿಯೋ ಬುಡ ನೆಲದ ಮಟ್ಟದಲ್ಲಿ ಕಾಣಬೇಕು, ಅದು ಒಂದು ಗೇಣು ಕೆಳಗೆ ಹೂತಿತ್ತು. ಪ್ಲಾಸ್ಟಿಕ್ ಚೀಲವನ್ನು ಅಡಿಯಲ್ಲಿ ಸೀಳಿ ಹಾಗೇ ಇಳಿಸಿದ್ದಾರೆ, ಬೇರು ಚೀಲದೊಳಗೇ ಸಿಂಬಿ ಸುತ್ತಿಕೊಂಡಿದೆ. ಗುಂಡಿ ಚೀಲದಷ್ಟೇ ಅಗಲ, ಸುತ್ತ ರೋಲರ್ ಓಡಿಸಿ ಗಟ್ಟಿಯಾದ ಮಣ್ಣು. ಗುಂಡಿ ಬೇರಿನ ಗಡ್ಡೆಯ ಎರಡು ಮೂರು ಪಟ್ಟು ಅಗಲ ಇರಬೇಕು, ಆಳ ಗಡ್ಡೆಯಷ್ಟೇ. ಗಟ್ಟಿ ಮಣ್ಣಲ್ಲಿ ಕಿರಿದಾದ ಗುಂಡಿ ಅಂದ್ರೆ ಬಕೆಟ್ ಇದ್ದ ಹಾಗೆ, ನೀರು ಇಳಿಯಲ್ಲ, ಬೇರು ಕೊಳೆಯತ್ತೆ. ಮೇಲೆ ಗೋಪುರದ ಹಾಗೆ ಕಾಂಡಕ್ಕೆ ತಾಗಿಸಿ ಒಣಎಲೆ ಗುಡ್ಡೆ. ಹೊದಿಕೆ 5ರಿಂದ 10 ಸೆಂಟಿಮೀಟರ್ ಸಾಕು, ಕಾಂಡಕ್ಕೆ ತಾಗಬಾರದು.

ಸತ್ತ ಗಿಡ ಬದಲಾಯಿಸಿ ಅಂದ್ರೆ: "ಗಿಡ ಹಾಕೋದು ನಮ್ಮದು ಸರ್, ನೀರು ನಿಮ್ಮದು." ಒಪ್ಪಂದ ತೆಗೆದು ನೋಡಿದೆ, ಹಾಗೇ ಇದೆ. ಅಂತಿಮ ಪರಿಶೀಲನೆ ಆದಮೇಲೂ ಗಿಡಗಳಿಗೆ ಅಂತ ನಾವು ಕಟ್ಟಿದ ಠೇವಣಿ ಹಣ ಕಚೇರಿಯಲ್ಲೇ ಇರತ್ತೆ, ಗಿಡ ಬದುಕಿದೆಯಾ ಅಂತ ನೋಡಿದ ಮೇಲೇ ವಾಪಸ್. ಕಂಟ್ರಾಕ್ಟರನ ಗ್ಯಾರಂಟಿ ಮೂರು ತಿಂಗಳು, ಠೇವಣಿ ಎರಡು ವರ್ಷ. ನಡುವಿನ ಅವಧಿ ಯಾರ ತಲೆ ಮೇಲೆ? 5 ಸೆಂಟಿಮೀಟರ್ ಕಾಂಡದ ಮರಕ್ಕೆ ಒಂದು ಸಲಕ್ಕೆ ಸುಮಾರು 10 ಲೀಟರ್ ಬೇಕು. ಮೊದಲ ಎರಡು ವಾರ ದಿನಾ, ಆಮೇಲೆ ಮೂರು ತಿಂಗಳ ತನಕ ಎರಡು ಮೂರು ದಿನಕ್ಕೊಮ್ಮೆ, ಮತ್ತೆ ಬೇರು ಹಿಡಿಯೋ ತನಕ ವಾರಕ್ಕೊಮ್ಮೆ. ಇದನ್ನು ಯಾರು ಮಾಡ್ತಾರೆ ಅಂತ ಒಪ್ಪಂದದಲ್ಲಿ ಇಲ್ಲದಿದ್ದರೆ ನೀವೇ ಅಂತ ತಿಳ್ಕೊಳ್ಳಿ.

ಅಗಲ ಸಾಲಲ್ಲ ಅಂತ ಗೊತ್ತಾದ ಮೇಲೆ ಡಿಸೈನರ್ ಕಡೆಯಿಂದ ಬಂದ ಐಡಿಯಾ ಇನ್ನೂ ಮಜಾ. "ಮಣ್ಣಿನ ದಿಬ್ಬ ಹಾಕೋಣ ಸರ್, ಒಂದು ಮೀಟರ್ ಎತ್ತರ, ಅಗಲ ಕಮ್ಮಿ ಇದ್ರೂ ಒಪ್ತಾರೆ." ಲೆಕ್ಕ ಹಾಕಿ. ದಿಬ್ಬ ನಿಲ್ಲಬೇಕು, ಹುಲ್ಲು ಕತ್ತರಿಸೋಕೂ ಆಗಬೇಕು ಅಂದ್ರೆ ಒಂದು ಮೀಟರ್ ಎತ್ತರಕ್ಕೆ ಮೂರು ಮೀಟರ್ ಇಳಿಜಾರು ಬೇಕು. ಎರಡೂ ಕಡೆ ಸೇರಿ ಆರು, ನೆತ್ತಿಗೆ ಒಂದು. ಏಳು ಮೀಟರ್. ಆರು ಮೀಟರ್ ಇಲ್ಲದವನಿಗೆ ಏಳು ಮೀಟರಿನ ಪರಿಹಾರ! ಕಿರಿದಾದ ಜಾಗದಲ್ಲಿ ಕಡಿದಾದ ದಿಬ್ಬ ಹಾಕಿದರೆ ಮೊದಲ ಜೋರು ಮಳೆಗೇ ಮಣ್ಣು ಚರಂಡಿಗೆ, ಇಲ್ಲಾ ಪಕ್ಕದವರ ಅಂಗಳಕ್ಕೆ. ಪೈಪಿನ ಮೇಲೆ ಅಷ್ಟು ಭಾರ ಹೇರೋಕೂ ಬಿಡಲ್ಲ. ಇದನ್ನೆಲ್ಲ ನಾನು ಅವರಿಗೆ ಹೇಳಬೇಕಾಯ್ತು, ದುಡ್ಡು ಕೊಟ್ಟವನು.

ಪಕ್ಕದ ಮನೆಯವರಿಗೆ ಇವರು ಹೇಳಿಟ್ಟಿದ್ದು "ಗಿಡ ಬೆಳೆದ್ರೆ ಸೌಂಡೇ ಬರಲ್ಲ." ಶುದ್ಧ ಸುಳ್ಳು. ಗಿಡ ಕಣ್ಣಿಗೆ ಮರೆ, ಕಿವಿಗಲ್ಲ. ಒಳಗೆ ಕಣ್ಣು ಹಾಯದಷ್ಟು ದಟ್ಟವಾದ ಮರಗಳ ಪಟ್ಟಿ ಸುಮಾರು 60 ಮೀಟರ್ ಅಗಲ ಇದ್ದರೆ 10 ಡೆಸಿಬೆಲ್ ಇಳಿಯಬಹುದು. ಒಂದು ಸಾಲು ಪೊದೆಯಿಂದ ಏನೂ ಆಗಲ್ಲ. ಶಬ್ದದ ಮೂಲ ಕಣ್ಣಿಗೆ ಕಾಣದಷ್ಟು ಎತ್ತರದ ಗಟ್ಟಿ ಗೋಡೆ ಕಟ್ಟಿದರೆ 5 ಡೆಸಿಬೆಲ್ ಆದ್ರೂ ಕಮ್ಮಿಯಾಗತ್ತೆ, ಅದೂ ಸಂದಿ ಇಲ್ಲದಿದ್ದರೆ. ಈಗ ಆ ಮನೆಯವರು ಸಿಕ್ಕಾಗಲೆಲ್ಲ ಕೇಳೋದು ನನ್ನನ್ನು.

ಗೋಡೆ ಅಂದಾಗ ನೆನಪಾಯ್ತು. ಗಡಿಗೆರೆಯ ಮೇಲೇ ಗೋಡೆ ಕಟ್ಟಿ ಒಳಗಡೆ ಗಿಡ ಹಾಕೋಣ ಅಂತ ಹೊರಟಿದ್ದರು. ಎಷ್ಟೋ ನಿಯಮಗಳಲ್ಲಿ ಗಿಡ ಪಕ್ಕದವರ ಕಡೆಗಿರಬೇಕು, ಗೋಡೆ ಒಳಗೆ. ಹಾಗೆ ಮಾಡಿದರೆ ಗೋಡೆಯಾಚೆಗಿನ ಗಿಡಕ್ಕೆ ನೀರು ಹಾಕೋಕೆ ಒಂದು ಸಣ್ಣ ಗೇಟ್ ಬೇಕು. ಅದನ್ನು ಯಾರೂ ಬರೆಯಲ್ಲ, ಗೋಡೆ ಎದ್ದ ಮೇಲೆ ಏಣಿ ಹಾಕಿ ಪೈಪ್ ಎಸೀತಾರೆ.

ವಿನಾಯಿತಿ ಕೇಳಿದ್ದೂ ಆಯ್ತು. ಸಿಗಲ್ಲ. ಜಾಗದ ಆಕಾರದಿಂದಲೇ ಕಷ್ಟ ಇದ್ದರೆ ಕೇಳಬಹುದು, ತಾನೇ ಟಾರ್ ಹಾಕಿಕೊಂಡು ಜಾಗ ಇಲ್ಲ ಅಂದ್ರೆ ಅದು ತಾನೇ ತಂದುಕೊಂಡ ಕಷ್ಟ, ಯಾವ ಮಂಡಳಿಯೂ ಕಿವಿಗೆ ಹಾಕಿಕೊಳ್ಳಲ್ಲ. ಇರೋ ದಾರಿ ಪರ್ಯಾಯ ಯೋಜನೆ. ನಮ್ಮ ಕೋಷ್ಟಕದ ಅಡಿಟಿಪ್ಪಣಿಯಲ್ಲೇ ಇದೆ: 1.8 ಮೀಟರಿನ ಗಟ್ಟಿ ಗೋಡೆ ಕಟ್ಟಿ ಗಿಡ ಇನ್ನಷ್ಟು ದಟ್ಟ ಮಾಡಿದರೆ 6 ಮೀಟರ್ ಬದಲು 4.5 ಸಾಕು. ಅಡಿಟಿಪ್ಪಣಿ! ಡಿಸೈನರ್ ಮೊದಲ ದಿನವೇ ಓದಿದ್ದರೆ ಒಂದೂವರೆ ಮೀಟರ್ ಉಳೀತಿತ್ತು. ಈಗ ಗೋಡೆಗೆ ತಳಪಾಯ ತೋಡೋಕೆ ಯಂತ್ರ ಹಿಂದಕ್ಕೆ ಹೋಗೋ ದಾರಿಯೇ ಇಲ್ಲ, ಕಟ್ಟಡ ಅಡ್ಡ.

ನೀವು ಮಾಡಬೇಕಾದ್ದು ಇಷ್ಟು. ಕೋಷ್ಟಕ ನೀವೇ ಓದಿ, ಅಡಿಟಿಪ್ಪಣಿ ಸಮೇತ. ಪಕ್ಕದ ಸೈಟ್ ಖಾಲಿ ಇದೆ, ಬಫರ್ ಬೇಡ ಅಂದ್ರೆ ನಂಬಬೇಡಿ, ಬಹಳ ಕಡೆ ಲೆಕ್ಕ ಹಿಡಿಯೋದು ಆ ಸೈಟಿನ ವಲಯ, ಅಲ್ಲಿ ಮನೆ ಎದ್ದಿದೆಯೋ ಇಲ್ಲವೋ ಅಲ್ಲ. ಗಡಿ ಕಲ್ಲಿಗೆ ಬಣ್ಣ ಹೊಡೆದು ಟೇಪ್ ನೀವೇ ಹಿಡೀರಿ. ಗೇಟಿನ ಪಕ್ಕದ ಮೂಲೆಯಲ್ಲಿ ಮುಕ್ಕಾಲು ಮೀಟರಿಗಿಂತ ಎತ್ತರ ಬೆಳೆಯೋದನ್ನು ಹಾಕಿಸಬೇಡಿ, ಗಾಡಿ ಹೊರಬರುವಾಗ ರಸ್ತೆ ಕಾಣಬೇಕು. ಒಂದೇ ಜಾತಿ ಬೇಡ, ಒಂದು ಹುಳ ಬಿದ್ದರೆ ಸಾಲು ಪೂರ್ತಿ ಹೋಗತ್ತೆ. ಬಫರ್ ಪಾಸ್ ಆಗೋ ತನಕ ಕೊನೇ ಕಂತು ಕೊಡಬೇಡಿ. ನಾನು ಕೊಟ್ಟುಬಿಟ್ಟಿದ್ದೆ, ಅದಕ್ಕೇ ಈಗ ಫೋನ್ ಎತ್ತೋಕೆ ಅವರಿಗೆ ಎರಡು ದಿನ ಬೇಕು.

ಹೋದ ವಾರ ಟಾರ್ ಅಗೆಸಿದೆ. ಕೆಳಗೆ ಒಂದು ಮೊಳ ಜಲ್ಲಿ, ಅದನ್ನೂ ತೆಗೆಸಿ ಮಣ್ಣು ತುಂಬಿಸಬೇಕು. ಇವತ್ತು ಬೆಳಿಗ್ಗೆ ಡಿಸೈನರ್ ಹೊಸ ಡ್ರಾಯಿಂಗ್ ಕಳಿಸಿದ್ದಾರೆ, "ಈ ಸಲ ಪಕ್ಕಾ ಸರ್" ಅಂತ. 6 ಮೀಟರ್ ಅಂತ ದಪ್ಪ ಅಕ್ಷರದಲ್ಲಿದೆ, ಹಸಿರು ಬಣ್ಣವೂ ಗಾಢವಾಗಿದೆ. ಅಳತೆಯ ಬಾಣದ ತುದಿ ಎಲ್ಲಿ ಮುಟ್ಟಿದೆ ಅಂತ ಜೂಮ್ ಮಾಡಿ ನೋಡಿದೆ. ಪಕ್ಕದವರ ಗೋಡೆಗೆ.