ಆನ್‌ಲೈನ್ ಇಂಟೀರಿಯರ್ ಡಿಸೈನ್ ಕೋರ್ಸು: ದುಡ್ಡು ಕಟ್ಟುವ ಮೊದಲು ಇದನ್ನು ಓದಿ

"ಮನೆಯಲ್ಲೇ ಕೂತು 6 ತಿಂಗಳಲ್ಲಿ ಇಂಟೀರಿಯರ್ ಡಿಸೈನರ್ ಆಗಿ" ಅನ್ನುವ ಜಾಹೀರಾತು ನಿಮ್ಮ ಫೋನಿಗೂ ಬಂದಿರಬಹುದು. ಬಾಗಲಕೋಟೆಯ ನವನಗರದಲ್ಲಿ ಕೂತು ನಾನು ಅಂಥದ್ದೊಂದಕ್ಕೆ ಸೇರಿದೆ. ಫೀ 48,000 ರೂಪಾಯಿ, ಕಂತು ಇನ್ನೂ ಮುಗಿದಿಲ್ಲ. ಕೋರ್ಸಿನವರ ಹೆಸರು ಬರೆಯುವುದಿಲ್ಲ. ಬೋರ್ಡು ಬದಲಾದರೂ ಇವರ ವರಸೆ ಒಂದೇ, ಅದು ಗೊತ್ತಾದರೆ ಸಾಕು.

ಶುರುವಾಗುವುದು 99 ರೂಪಾಯಿಯ ವರ್ಕ್‌ಶಾಪಿನಿಂದ. ಮುಗಿಯುವ ಹೊತ್ತಿಗೆ ಪರದೆ ಮೇಲೆ ಗಡಿಯಾರ ಓಡಲಿಕ್ಕೆ ಶುರು: ಈಗಲೇ ಸೇರಿದರೆ ಅರ್ಧ ಫೀ. ಆಮೇಲೆ ಕೌನ್ಸೆಲರ್ ಫೋನು. ಲೈವ್ ಕ್ಲಾಸು, ನಿಮಗೇ ಅಂತ ಒಬ್ಬ ಮೆಂಟರ್, ಕೆಲಸ ಗ್ಯಾರಂಟಿ, ಜೊತೆಗೆ "ಲೈಸೆನ್ಸಿಗೆ ಸಮ" ಆದ ಅಂತಾರಾಷ್ಟ್ರೀಯ ಸರ್ಟಿಫಿಕೇಟು. ಈ ಕೊನೆಯ ಮಾತು ಶುದ್ಧ ಸುಳ್ಳು. ಇಂಟೀರಿಯರ್ ಡಿಸೈನರ್ ಆಗಿ ಕೆಲಸ ಮಾಡಲು ನಮ್ಮ ದೇಶದಲ್ಲಿ ಲೈಸೆನ್ಸೇ ಬೇಕಿಲ್ಲ. ಆರ್ಕಿಟೆಕ್ಟ್ ಅಂತ ಹಾಕಿಕೊಳ್ಳಲು 1972ರ ಕಾಯ್ದೆ ಪ್ರಕಾರ ನೋಂದಣಿ ಬೇಕು, ಅದು ಇಂಥ ಕೋರ್ಸಿನಿಂದ ಸಿಗುವುದಿಲ್ಲ.

ಲೈವ್ ಅಂದದ್ದು ಹಳೇ ವಿಡಿಯೋ. ಅದಾದರೂ ಇರಲಿ ಬಿಡಿ, ವಿಡಿಯೋದಿಂದಲೂ ಕಲಿಯಬಹುದು. ನಿಜವಾದ ಮೋಸ ಇರುವುದು ಡ್ರಾಯಿಂಗ್ ತಿದ್ದುವ ಕಡೆ. ಈ ಕೆಲಸದಲ್ಲಿ ಹೊಸಬರು ದುಡ್ಡು ಕೊಡಬೇಕಾದದ್ದು ಅದೊಂದಕ್ಕೇ. ಬಣ್ಣ, ಸೋಫಾ, ಲೈಟು ಎಲ್ಲ ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತವೆ. ನಿಮ್ಮ ಪ್ಲಾನಿನಲ್ಲಿ ಫ್ರಿಜ್ ಬಾಗಿಲು ಅಡುಗೆಮನೆ ಬಾಗಿಲಿಗೆ ಬಡಿಯುತ್ತದೆ ಅಂತ ಹೇಳುವವರು ಪುಕ್ಕಟೆ ಸಿಗುವುದಿಲ್ಲ.

ಅವರೇ ಕೊಟ್ಟ ಟೆಂಪ್ಲೇಟಿನ ಮೇಲೆ ಒಂದು ಬೆಡ್‌ರೂಮ್ ಮಾಡಿ ಕಳಿಸಿದೆ. 10ಕ್ಕೆ 9 ಅಂಕ, ಪಕ್ಕದಲ್ಲಿ ಚಪ್ಪಾಳೆ ಚಿತ್ರ. ಅದೇ ಹಾಳೆಯನ್ನು ನಮ್ಮ ಓಣಿಯ ಕಾರ್ಪೆಂಟರಿಗೆ ತೋರಿಸಿದೆ. ವಾರ್ಡ್‌ರೋಬಿನ ಆಳದ ಅಳತೆ ಮೇಲೆ ಬೆರಳಿಟ್ಟು, "ಅಕ್ಕಾರ, 16 ಇಂಚಿನಾಗ ಹ್ಯಾಂಗರ್ ಹೆಂಗ ಕೂಡ್ತದ್ರೀ? ಬಾಗಲಾನ ಮುಚ್ಚಂಗಿಲ್ಲ" ಅಂದರು. ಹ್ಯಾಂಗರೇ ಹತ್ತಿರ ಹತ್ತಿರ 17 ಇಂಚು ಅಗಲ. ಬಟ್ಟೆ ತೂಗಿ, ಬಾಗಿಲು ಹಾಕಬೇಕೆಂದರೆ ಆಳ 2 ಅಡಿ ಬೇಕು. ಟೆಂಪ್ಲೇಟು ಮಾಡಿದವರೂ ನೋಡಿಲ್ಲ, ಅಂಕ ಕೊಟ್ಟವರೂ ನೋಡಿಲ್ಲ.

ಅಡುಗೆಮನೆ ಪಾಠವೂ ಹಾಗೇ. ಕಟ್ಟೆಯ ಎತ್ತರ 36 ಇಂಚು ಅಂತ ಕಲಿಸಿದರು, ಅದು ಅಮೆರಿಕದ ಲೆಕ್ಕ. ಟೇಪು ಹಿಡಿದು ಗೋಡೆ ಮೇಲೆ ಗುರುತು ಹಾಕಿದೆ. ಅವ್ವ ಬಂದು ನೋಡಿ, "ಇದರ ಮ್ಯಾಲ ರೊಟ್ಟಿ ಬಡೀಬೇಕಂದ್ರ ನಾ ಮಣಿ ಹತ್ತಿ ನಿಂದರಬೇಕು" ಅಂದಳು. ನಮ್ಮ ಕಡೆ 32-33 ಇಂಚು ಸಾಕು, ಮನೆಯಾಕೆ ಗಿಡ್ಡ ಇದ್ದರೆ ಇನ್ನೂ ಕಡಿಮೆ. ಜೋಳದ ರೊಟ್ಟಿ ಬಡಿಯುವ ಮನೆಗೆ ಇದು ಸಣ್ಣ ಮಾತಲ್ಲ. ಈ ಪ್ರಶ್ನೆಯನ್ನು ಮೆಂಟರಿಗೆ ಕಳಿಸಿದೆ. "ಗ್ರೇಟ್ ಅಬ್ಸರ್ವೇಶನ್" ಅಂತ ಉತ್ತರ ಬಂತು, ಅಷ್ಟೇ.

ಸಾಫ್ಟ್‌ವೇರ್ "ಉಚಿತ" ಅಂದಿದ್ದರು. ಕೊಟ್ಟದ್ದು ಟೆಲಿಗ್ರಾಮಿನ ಕ್ರ್ಯಾಕ್ ಲಿಂಕು, ಅಂದರೆ ಕಳ್ಳ ಪ್ರತಿ. ಅದನ್ನು ಲ್ಯಾಪ್‌ಟಾಪಿಗೆ ಹಾಕಲೇಬೇಡಿ. ಕೋಣೆಯ 3ಡಿ ಮಾದರಿ ಮಾಡುವ ಸ್ಕೆಚ್‌ಅಪ್ಪಿಗೆ ಬ್ರೌಸರಿನಲ್ಲೇ ನಡೆಯುವ ಉಚಿತ ಆವೃತ್ತಿ ಇದೆ, ಕಲಿಯಲು ಅದು ಸಾಕು. ಪ್ಲಾನು ಬಿಡಿಸುವ ಆಟೋಕ್ಯಾಡ್, ಮಾನ್ಯತೆ ಇರುವ ಸಂಸ್ಥೆಯ ವಿದ್ಯಾರ್ಥಿಗಳಿಗೆ ಉಚಿತ. ನಿಮ್ಮ ಕೋರ್ಸಿನವರು ಆ ದಾರಿ ತೋರಿಸದೆ ಕ್ರ್ಯಾಕ್ ಕೊಡುತ್ತಿದ್ದಾರೆ ಅಂದರೆ ಅವರ ಮಾನ್ಯತೆ ಎಂಥದ್ದು ಅಂತ ಗೊತ್ತಾಯಿತಲ್ವಾ?

ಇನ್ನು ಕಂತಿನ ವಿಷಯ. ಇದನ್ನು ಸರಿಯಾಗಿ ಓದಿ. "ಬಡ್ಡಿ ಇಲ್ಲ, ತಿಂಗಳಿಗೆ 4,000" ಅಂದದ್ದು ಫೀ ಕಂತಲ್ಲ, ನನ್ನ ಹೆಸರಿನ ಸಾಲ. ಆಧಾರ್ ಒಟಿಪಿ ಕೇಳಿ, ಆಟೋ ಡೆಬಿಟ್‌ಗೆ ಒಪ್ಪಿಗೆ ಪಡೆದು, ಒಂದು ಫೈನಾನ್ಸ್ ಕಂಪನಿಯಿಂದ ಪೂರ್ತಿ ದುಡ್ಡು ಕೋರ್ಸಿನವರಿಗೆ ಹೋಯಿತು. ಕ್ಲಾಸು ನಿಂತರೂ ಸಾಲ ನಿಲ್ಲುವುದಿಲ್ಲ. ಕಟ್ಟದಿದ್ದರೆ ಸಿಬಿಲ್ ಸ್ಕೋರು ಬೀಳುತ್ತದೆ, ನಾಳೆ ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಅದನ್ನೇ ತೆಗೆದು ತೋರಿಸುತ್ತಾರೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಡಿಜಿಟಲ್ ಸಾಲಕ್ಕೆ ಕೂಲಿಂಗ್ ಆಫ್ ಅವಧಿ ಇರುತ್ತದೆ. ಅದರೊಳಗೆ ಅಸಲು ಮತ್ತು ಆವರೆಗಿನ ಬಡ್ಡಿ ಕಟ್ಟಿ ದಂಡವಿಲ್ಲದೆ ಹೊರಬರಬಹುದು. ಎಷ್ಟು ದಿನ ಅಂತ ಸಾಲದ ಕಾಗದದಲ್ಲೇ ಬರೆದಿರುತ್ತದೆ. ಆದರೆ ಅಸಲು ಆಗಲೇ ಕೋರ್ಸಿನವರ ಕೈಯಲ್ಲಿ. ಅವರು ವಾಪಸು ಕೊಡುವತನಕ ಕಾದರೆ ಅವಧಿ ಮುಗಿದಿರುತ್ತದೆ.

ಕೆಲಸ ಗ್ಯಾರಂಟಿ ಅಂದರೆ ವಾಟ್ಸಾಪ್ ಗ್ರೂಪಿಗೆ ಬೆಂಗಳೂರು, ಪುಣೆಯ ಜಾಹೀರಾತು ಫಾರ್ವರ್ಡ್ ಮಾಡುವುದು. ಜಾಸ್ತಿ ಹೇಳುವುದೇನಿಲ್ಲ.

ನಿಮಗೆ ಕೌನ್ಸೆಲರ್ ಫೋನ್ ಬಂದರೆ ಒಂದೇ ಕೇಳಿ: ಹಿಂದಿನ ಬ್ಯಾಚಿನ ಯಾರದಾದರೂ ಡ್ರಾಯಿಂಗ್, ಮೆಂಟರ್ ಕೆಂಪು ಗೆರೆ ಹಾಕಿ ತಿದ್ದಿದ್ದು, ತೋರಿಸಿ. ನಾನು ಸೇರಿದ ಮೇಲೆ ಕೇಳಿದೆ, ಕಂಪ್ಯೂಟರಿನಲ್ಲಿ ಮಾಡಿದ ಮಿಂಚುವ ರೆಂಡರ್ ಚಿತ್ರಗಳನ್ನು ಕಳಿಸಿದರು. ತಿದ್ದಿದ ಹಾಳೆ ಒಂದೂ ಇರಲಿಲ್ಲ. ಮಾತು ಕೊಟ್ಟದ್ದನ್ನೆಲ್ಲ ಇಮೇಲಿನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ದೂರು ಕೊಡುವಾಗ ಉಪಯೋಗಕ್ಕೆ ಬರುವುದು ಕಷ್ಟ.

ಈಗಾಗಲೇ ಸಿಕ್ಕಿಕೊಂಡವರು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕಂಪನಿ ದೆಹಲಿಯಲ್ಲಿದ್ದರೂ 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ನಾವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಅಲ್ಲಿಗೆ ಅಲೆಯಬೇಕಿಲ್ಲ. ನಾನು ಸಹಾಯವಾಣಿಯಲ್ಲಿ ದೂರು ಬರೆಸಿದ್ದೇನೆ. ಕೋರ್ಸಿನವರು "ರೀಫಂಡ್ ಪಾಲಿಸಿ ನೋಡಿ" ಅಂತ ಒಂದು ಸಾಲು ಕಳಿಸಿದ್ದಾರೆ. ಅದಕ್ಕೆ ಕಾರ್ಪೆಂಟರ್ ಗುರುತು ಹಾಕಿಕೊಟ್ಟ ಆ ವಾರ್ಡ್‌ರೋಬ್ ಹಾಳೆಯನ್ನೂ, ಅವರ 9 ಅಂಕವನ್ನೂ ಸೇರಿಸಿ ವಾಪಸು ಕಳಿಸಿದ್ದೇನೆ.