ಫಿಲ್ಟರ್ ಬಾಕ್ಸ್ ಬಿಚ್ಚುವ ಮೊದಲು: ಅದಿರಿನ ಧೂಳು ನನ್ನ ಬೈಕಿನ ಎಂಜಿನ್ ತಿಂದ ಬಗೆ

ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಫಿಲ್ಟರ್ ಬಾಕ್ಸ್ ತೆಗೆದು, ಬಾಕ್ಸಿಲ್ಲದ ತೆರೆದ ಕೋನ್ ಫಿಲ್ಟರ್ ಹಾಕಿದರೆ ಬೈಕಿನ ಪಿಕಪ್ ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ, ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ದಯವಿಟ್ಟು ಇದನ್ನು ಓದಿ. ನಾನು ಈ ಕೆಲಸವನ್ನು ಮನೆಯ ಅಂಗಳದಲ್ಲಿ, ಒಂದು ಭಾನುವಾರ ಬೆಳಿಗ್ಗೆ ಮಾಡಿದೆ. ಎರಡೂವರೆ ತಿಂಗಳಲ್ಲಿ ಎಂಜಿನ್ ಹಾಳಾಯಿತು.

ನನ್ನದು 2014ರ 150 ಸಿಸಿ ಬೈಕ್, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಇರುವಂಥದ್ದು. ಬಳ್ಳಾರಿ ಜಿಲ್ಲೆಯ ಸಂಡೂರಿನಿಂದ ತೋರಣಗಲ್ಲಿಗೆ ದಿನವೂ ಅದರಲ್ಲೇ ಕೆಲಸಕ್ಕೆ ಹೋಗಿ ಬರುತ್ತೇನೆ. ಈ ಭಾಗದವರಿಗೆ ಹೇಳಬೇಕಿಲ್ಲ, ಅದಿರು ಲಾರಿಗಳ ಹಿಂದೆ ಹೋದವರ ಬಿಳಿ ಅಂಗಿ ಮನೆ ಸೇರುವ ಹೊತ್ತಿಗೆ ಬಿಳಿಯಾಗಿ ಉಳಿದಿರುವುದಿಲ್ಲ. ರೆಪ್ಪೆಯ ಮೇಲೂ ಕೆಂಪು ಧೂಳು ಕೂತಿರುತ್ತದೆ. ಅಂಥ ರಸ್ತೆಯಲ್ಲಿ ಓಡುವ ಗಾಡಿಯ ಮೂಗನ್ನೇ ನಾನು ಕಿತ್ತುಹಾಕಿದ್ದೆ.

ಸಂಕ್ರಾಂತಿ ಕಳೆದ ವಾರ, ₹650 ಕೊಟ್ಟು ತರಿಸಿದ ಫಿಲ್ಟರ್ ಬಂತು. ಸೈಡ್ ಪ್ಯಾನೆಲ್ ಬಿಚ್ಚಿ ನೋಡಿದರೆ ಬಾಕ್ಸ್ ಇಡಿಯಾಗಿ ಹೊರಗೆ ಬರುವಂತಿರಲಿಲ್ಲ. ಹ್ಯಾಕ್ಸಾ ಬ್ಲೇಡಿನಿಂದ ಎರಡು ತುಂಡು ಮಾಡಿ ತೆಗೆದೆ. ಹೊಸ ಫಿಲ್ಟರಿನ ರಬ್ಬರ್ ಕತ್ತು ಕಾರ್ಬ್ಯುರೇಟರಿನ ಬಾಯಿಗಿಂತ ತುಸು ದೊಡ್ಡದಿತ್ತು. ಕ್ಲಾಂಪ್ ಬಿಗಿದರೆ ಸರಿಹೋಗುತ್ತದೆ ಎಂದುಕೊಂಡೆ. ಎಂಜಿನ್ ಒಳಗಿನ ಆವಿಯನ್ನು ಬಾಕ್ಸಿಗೆ ತರುತ್ತಿದ್ದ ಬ್ರೀದರ್ ಪೈಪನ್ನು ಎಲ್ಲಿಗೆ ಜೋಡಿಸಬೇಕೋ ತಿಳಿಯದೆ ಹಾಗೇ ತೂಗುಬಿಟ್ಟೆ. ಇವೆರಡೂ ಸಣ್ಣ ವಿಷಯಗಳೆಂದು ಆಗ ಅನ್ನಿಸಿತ್ತು.

ಕಿಕ್ ಹೊಡೆದ ಕೂಡಲೇ ಬಂದ ಶಬ್ದವಿದೆಯಲ್ಲ, ಅದೇ ನನ್ನನ್ನು ಮರುಳು ಮಾಡಿದ್ದು. ಥ್ರಾಟಲ್ ತಿರುಗಿಸಿದಂತೆಲ್ಲ ಸೀಟಿನ ಕೆಳಗಿನಿಂದ ಗೂಳಿ ಗುಟುರು ಹಾಕಿದ ಹಾಗೆ ಕೇಳುತ್ತಿತ್ತು. ಶಕ್ತಿ ಹೆಚ್ಚಿದೆ ಎಂದೇ ನಂಬಿದೆ. ಗಾಳಿ ಒಳನುಗ್ಗುವ ಸದ್ದನ್ನು ಅಡಗಿಸುವುದೂ ಬಾಕ್ಸಿನ ಒಂದು ಕೆಲಸ. ಅದು ಇಲ್ಲದಿದ್ದರೆ ಯಾವ ಎಂಜಿನ್ ಆದರೂ ಗುಟುರು ಹಾಕುತ್ತದೆ, ಶಕ್ತಿ ಹೆಚ್ಚಬೇಕೆಂದೇನಿಲ್ಲ.

ಹತ್ತು ದಿನಕ್ಕೆ ಮೊದಲ ಪೆಟ್ಟು ಬಿತ್ತು. ತಂಗಿಯನ್ನು ಹಿಂದೆ ಕೂರಿಸಿಕೊಂಡು ಒಂದು ಅದಿರು ಲಾರಿಯನ್ನು ದಾಟಲು ಬಲಕ್ಕೆ ಹೊರಳಿ ಥ್ರಾಟಲ್ ಪೂರ್ತಿ ತಿರುಗಿಸಿದೆ. ಮುಂದಕ್ಕೆ ಚಿಮ್ಮಬೇಕಾದ ಬೈಕ್ ಉಸಿರು ಕಟ್ಟಿದ ಹಾಗೆ ಕುಗ್ಗಿಬಿಟ್ಟಿತು. ಎದುರಿನಿಂದ ಇನ್ನೊಂದು ಲಾರಿ ಬರುತ್ತಿತ್ತು. ತಂಗಿ "ಅಣ್ಣಾ!" ಎಂದು ಕೂಗಿ ನನ್ನ ಭುಜ ಹಿಡಿದಳು. ಬ್ರೇಕ್ ಒತ್ತಿ ಹಿಂದೆ ಸರಿದು ಎಡಕ್ಕೆ ಬಂದೆವು. ಆ ಎರಡು ಮೂರು ಕ್ಷಣಗಳನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ.

ಹಾಗಾಗಲು ಕಾರಣ ಇಷ್ಟು. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಬಾಕ್ಸಿನ ಮೂಲಕ ಗಾಳಿ ಎಷ್ಟು ಎಳೆತದಲ್ಲಿ ಬರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಕಾರ್ಖಾನೆಯಲ್ಲಿ ಪೆಟ್ರೋಲ್ ಬಿಡುವ ಜೆಟ್ಟಿನ ರಂಧ್ರದ ಅಳತೆ ನಿಗದಿಯಾಗಿರುತ್ತದೆ. ಬಾಕ್ಸ್ ಹೋದರೆ ಗಾಳಿ ಸಲೀಸಾಗಿ ನುಗ್ಗುತ್ತದೆ, ಎಳೆತ ತಗ್ಗುತ್ತದೆ, ಪೆಟ್ರೋಲ್ ಸಾಲದಾಗುತ್ತದೆ. ಅದರ ಮೇಲೆ, ಆ ಜಾಗದಲ್ಲಿ ತೆರೆದ ಫಿಲ್ಟರ್ ಎಳೆದುಕೊಳ್ಳುವುದು ಎಂಜಿನ್ ಪಕ್ಕದ ಬಿಸಿ ಗಾಳಿಯನ್ನು. ನಾನು ಆಗಲೇ ಬುದ್ಧಿ ಕಲಿಯಬೇಕಿತ್ತು. ಕಲಿಯದೆ ದೊಡ್ಡ ಮೇನ್ ಜೆಟ್ ತಂದು ಹಾಕಿದೆ. ಕುಗ್ಗುವುದು ನಿಂತಿತು, ಲೀಟರಿಗೆ 48 ಕಿಲೋಮೀಟರ್ ಕೊಡುತ್ತಿದ್ದ ಬೈಕ್ 38ಕ್ಕೆ ಇಳಿಯಿತು. ಸಮಸ್ಯೆ ಮುಗಿಯಿತೆಂದು ನಿಶ್ಚಿಂತನಾದೆ.

ನಿಜವಾದ ಸಮಸ್ಯೆಗೆ ಸದ್ದೇ ಇರಲಿಲ್ಲ. 6,000 ಆರ್‌ಪಿಎಂನಲ್ಲಿ ಓಡುವ ಫೋರ್ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 3,000 ಬಾರಿ ಉಸಿರೆಳೆಯುತ್ತದೆ. 150 ಸಿಸಿಯ ಬೈಕಾದರೆ, ಥ್ರಾಟಲ್ ಪೂರ್ತಿ ತೆರೆದಾಗ ನಿಮಿಷಕ್ಕೆ ಹೆಚ್ಚುಕಡಿಮೆ 400 ಲೀಟರ್ ಗಾಳಿ. ಸಡಿಲವಾಗಿದ್ದ ರಬ್ಬರ್ ಕತ್ತಿನ ಸಂದಿನಿಂದ, ತೂಗುತ್ತಿದ್ದ ಬ್ರೀದರ್ ಪೈಪಿನಿಂದ ಧೂಳು ದಿನವೂ ಒಳಗೆ ಹೋಗುತ್ತಿತ್ತು. ಪಿಸ್ಟನ್ನಿಗೂ, ಅದು ಮೇಲೆ ಕೆಳಗೆ ಓಡಾಡುವ ಬೋರಿಗೂ ನಡುವೆ ಇರುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರ. ಅದರಲ್ಲಿ ಅದಿರಿನ ಪುಡಿ ಬೆರೆತರೆ ಎಣ್ಣೆಯೇ ಉಜ್ಜುಕಾಗದದ ಕೆಲಸ ಮಾಡತೊಡಗುತ್ತದೆ.

ಯುಗಾದಿಯ ಹೊತ್ತಿಗೆ ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಾಣಿಸಿತು. ಆಯಿಲ್ ನೋಡಿದರೆ ಕಡ್ಡಿಯ ಕೆಳಗಿನ ಗೆರೆಯನ್ನೂ ಮುಟ್ಟುತ್ತಿರಲಿಲ್ಲ. ಹೊಸಪೇಟೆಯ ಹಳೆಯ ಮೇಸ್ತ್ರಿಯೊಬ್ಬರ ಬಳಿ ಒಯ್ದೆ. ಅವರು ಎಂಜಿನ್ ಬಿಚ್ಚುವ ಮೊದಲು ಫಿಲ್ಟರ್ ತೆಗೆದು, ಕಾರ್ಬ್ಯುರೇಟರಿನ ಬಾಯಿಯೊಳಗೆ ಬೆರಳಾಡಿಸಿ, ಆ ಬೆರಳನ್ನು ನನ್ನ ಮುಂದೆ ಹಿಡಿದರು. ತುದಿಯಲ್ಲಿ ಎಣ್ಣೆಗೆ ಕಲೆಸಿದ ಕುಂಕುಮದಂಥ ಕೆಂಪು ಲೇಪ. ಆಮೇಲೆ ಬೋರ್ ಕೈಗಿತ್ತು, "ಉಗುರಿನಿಂದ ಅಡ್ಡಕ್ಕೆ ಗೀರಿ ನೋಡು ತಮ್ಮಾ" ಎಂದರು. ಉಗುರಿಗೆ ನುಣುಪಾಗಿ ಸಿಗಬೇಕಾದ ಗೋಡೆಯಲ್ಲಿ ಮೇಲಿಂದ ಕೆಳಗೆ ಗೀರುಗಳು. ಉಗುರು ಮೂರು ಕಡೆ ತಡೆದು ನಿಂತಿತು.

ರೀಬೋರ್ (ಬೋರನ್ನು ಕೊರೆದು ಅಗಲಿಸುವುದು), 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್, ರಿಂಗ್, ವಾಲ್ವ್ ಸೀಲ್, ಹೊಸ ಫಿಲ್ಟರ್ ಬಾಕ್ಸ್, ಕೂಲಿ ಎಲ್ಲ ಸೇರಿ ₹9,200 ಆಯಿತು. ಬಾಕ್ಸ್ ಒಂದಕ್ಕೇ ಮೂರು ವಾರ ಕಾಯಬೇಕಾಯಿತು, ಏಕೆಂದರೆ ಹಳೆಯದನ್ನು ಕತ್ತರಿಸಿ ಹಾಕಿದ್ದೆನಲ್ಲ.

"ನನ್ನದು ಬಿಎಸ್ 6, ಇಂಜೆಕ್ಷನ್ ಗಾಡಿ, ತಾನೇ ಹೊಂದಿಸಿಕೊಳ್ಳುತ್ತದೆ" ಎನ್ನುವವರಿದ್ದಾರೆ. ಅಂಥ ಗಾಡಿಯ ಕಂಪ್ಯೂಟರ್ ಆಕ್ಸಿಜನ್ ಸೆನ್ಸರ್ ನೋಡಿ ಪೆಟ್ರೋಲನ್ನು ಒಂದು ಮಿತಿಯೊಳಗೆ ಹೆಚ್ಚು ಕಡಿಮೆ ಮಾಡಬಹುದು, ನಿಜ. ಧೂಳು ಒಳಗೆ ಬರುತ್ತಿದೆ ಎಂದು ಅದಕ್ಕೆ ತಿಳಿಯುವುದೇ ಇಲ್ಲ. ಮಲೆನಾಡಿನವರು ಧೂಳಿಲ್ಲವೆಂದು ಧೈರ್ಯ ತಾಳಬೇಡಿ, ಹಿಂಗಾಲಿ ಎರಚುವ ಮಳೆನೀರು ತೆರೆದ ಫಿಲ್ಟರನ್ನು ನೇರವಾಗಿ ತೋಯಿಸುತ್ತದೆ.

ಈಗಾಗಲೇ ಬದಲಿಸಿದ್ದರೆ ಇವತ್ತೇ ಫಿಲ್ಟರ್ ಬಿಚ್ಚಿ, ಕಾರ್ಬ್ಯುರೇಟರಿನ ಬಾಯಿಯನ್ನು ಒಳಗಿನಿಂದ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಬಟ್ಟೆಗೆ ಧೂಳು ಹತ್ತಿದರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ತಳ್ಳಿಕೊಂಡು ಗ್ಯಾರೇಜಿಗೆ ಹೋಗಿ.

ನಮ್ಮ ಓಣಿಯ ಇಬ್ಬರು ಹುಡುಗರು ನನ್ನ ಬೈಕಿನ ಶಬ್ದಕ್ಕೆ ಮನಸೋತು, ನನ್ನನ್ನೇ ಕೇಳಿಕೊಂಡು ತಮ್ಮ ಬೈಕುಗಳಿಗೂ ಹಾಗೇ ಮಾಡಿಕೊಂಡಿದ್ದರು. ಆ ಸಂಕಟ ದುಡ್ಡಿನದಕ್ಕಿಂತ ದೊಡ್ಡದು. ಕಳೆದ ಭಾನುವಾರ ಒಬ್ಬನ ಬಾಕ್ಸನ್ನು ಅಟ್ಟದಿಂದ ಇಳಿಸಿ ಮರಳಿ ಕೂರಿಸಿದೆವು. ಇನ್ನೊಬ್ಬ ತನ್ನದನ್ನು ಗುಜರಿಗೆ ಹಾಕಿಬಿಟ್ಟಿದ್ದಾನೆ. ಅವನದೂ 2014ರ 150 ಸಿಸಿ, ನನ್ನದೇ ಮಾಡೆಲ್. ಬಳ್ಳಾರಿ, ಹೊಸಪೇಟೆ ಕಡೆ ಯಾರ ಬಳಿಯಾದರೂ ಒಡೆಯದ ಹಳೆಯ ಬಾಕ್ಸ್ ಇದ್ದರೆ ತಿಳಿಸಿ. ಅದು ಸಿಗುವವರೆಗೆ ಬೈಕ್ ತೆಗೆಯಬೇಡವೆಂದು ಹೇಳಿದ್ದೇನೆ, ಅವನು ನನ್ನ ಹಿಂದೆಯೇ ಕೂತು ಕೆಲಸಕ್ಕೆ ಬರುತ್ತಿದ್ದಾನೆ.