ಎರಡು ಮಳೆಗಾಲ ದಾಟಿದ ಡೈನೋ: ಪ್ರಿಂಟ್ ಆಗುವ ಎಚ್‌ಪಿ ಒಂದನ್ನು ಬಿಟ್ಟು

ಮೊದಲು ತಕರಾರು ಹೇಳಿಬಿಡುತ್ತೇನೆ. ಕೊಡಗಿನ ಎತ್ತರದಲ್ಲಿ ಈ ಡೈನೋ, ಅಂದರೆ ಚಕ್ರವನ್ನು ರೋಲರ್ ಮೇಲೆ ಓಡಿಸಿ ಕಾರಿನ ಪವರ್ ಅಳೆಯುವ ಯಂತ್ರ, ಟರ್ಬೊ ಕಾರಿಗೆ ಪ್ರಿಂಟ್ ಮಾಡಿಕೊಡುವ ಹಾರ್ಸ್‌ಪವರ್ ನಂಬುವಂಥದ್ದಲ್ಲ. ಯಂತ್ರ ಕೆಟ್ಟಿಲ್ಲ, ರೋಲರ್ ಅಳೆಯುವುದರಲ್ಲೂ ತಪ್ಪಿಲ್ಲ. ಅಳೆದಾದ ಮೇಲೆ ಸಾಫ್ಟ್‌ವೇರ್ ತನ್ನಷ್ಟಕ್ಕೆ ಒಂದು 'ಕರೆಕ್ಷನ್' ಗುಣಿಸುತ್ತದಲ್ಲ, ಎಡವಟ್ಟು ಇರುವುದು ಅಲ್ಲಿ.

ಯಂತ್ರ ಇರುವುದು ಕುಶಾಲನಗರದ ಒಂದು ಶೆಡ್ಡಿನಲ್ಲಿ. ಒಂದೇ ಆಕ್ಸಲ್‌ನ ರೋಲರ್, ಜೊತೆಗೆ ವಿದ್ಯುತ್ ಆಯಸ್ಕಾಂತದಿಂದ ರೋಲರನ್ನು ಹಿಡಿಯುವ ಎಡ್ಡಿ ಕರೆಂಟ್ ಬ್ರೇಕ್. ಉಳಿದ ವಿವರ ಕಂಪನಿಯ ಹಾಳೆಯಲ್ಲೇ ಸಿಗುತ್ತದೆ. ಎರಡು ವರ್ಷದಿಂದ ಇದರ ಮೇಲೆ ಏರುತ್ತಿರುವುದು ಕ್ವಾರ್ಟರ್ ಮೈಲಿಯ ಡ್ರ್ಯಾಗ್ ರೇಸಿಗೆ, ಅಂದರೆ 402 ಮೀಟರಿನ ನೇರ ಓಟಕ್ಕೆ, ತಯಾರು ಮಾಡಿದ ಎರಡು ಕಾರು: ಟರ್ಬೊ ಇಲ್ಲದ ಹಳೆಯ ಹೋಂಡಾ ಸಿಟಿ 1.5 ವಿಟೆಕ್, ಮತ್ತು ಟರ್ಬೊ ಇರುವ ಆಕ್ಟೇವಿಯಾ 1.8 ಟಿಎಸ್‌ಐ. ಎರಡೂ ಫ್ರಂಟ್ ವೀಲ್ ಡ್ರೈವ್. ಡೈನೋ ಬೇಕೇ ಎಂದು ಕೇಳುವವರು ನಮ್ಮ ರಸ್ತೆಗಳನ್ನೊಮ್ಮೆ ನೆನಪಿಸಿಕೊಳ್ಳಲಿ. ತಿರುವಿಲ್ಲದ, ಏರಿಳಿತವಿಲ್ಲದ 402 ಮೀಟರ್ ಜಿಲ್ಲೆಯಲ್ಲಿ ಹುಡುಕಬೇಕು. ಆನೆಕಾಡಿನ ಬಳಿ ಅಂಥದ್ದು ಸಿಕ್ಕರೂ ಅದು ಆನೆ ದಾಟುವ ಸಾರ್ವಜನಿಕ ರಸ್ತೆ. ಅಲ್ಲಿ ಟ್ಯೂನಿಂಗ್ ಮಾಡುವ ಮಾತೇ ಬೇಡ.

ಕರೆಕ್ಷನ್ ವಿಷಯಕ್ಕೆ ಬರುತ್ತೇನೆ. ಇಲ್ಲಿನ ಗಾಳಿಯಲ್ಲಿ ಅಳೆದ ಪವರನ್ನು ಒಂದು ನಿಗದಿತ ಹವೆಗೆ ಹೊಂದಿಸುವ ಗುಣಾಕಾರ ಅದು. ಎಸ್‌ಎಇ ಜೆ1349 ಎಂಬ ಮಾನದಂಡ 25 ಡಿಗ್ರಿ ತಾಪ, 99 ಕಿಲೋಪಾಸ್ಕಲ್ ಒಣಗಾಳಿಯ ಒತ್ತಡವನ್ನು ಆಧಾರವಾಗಿ ಹಿಡಿಯುತ್ತದೆ. ಕುಶಾಲನಗರ ಸಮುದ್ರಮಟ್ಟದಿಂದ ಸುಮಾರು 840 ಮೀಟರ್ ಮೇಲಿದೆ. ಇಲ್ಲಿನ ಒತ್ತಡ 91.5ರ ಆಸುಪಾಸು. ಮಳೆಗಾಲದಲ್ಲಿ ನೀರಾವಿಯ ಪಾಲು 2 ಕಿಲೋಪಾಸ್ಕಲ್ ಕಳೆದರೆ ಒಣಗಾಳಿಗೆ ಉಳಿಯುವುದು 89.5. 27 ಡಿಗ್ರಿಯಲ್ಲಿ ಲೆಕ್ಕ ಹಾಕಿದರೆ ಗುಣಕ 1.13ಕ್ಕೆ ಬಂದು ನಿಲ್ಲುತ್ತದೆ. ಮಡಿಕೇರಿಯ ಎತ್ತರದಲ್ಲಿ ಇದು 1.16 ದಾಟುತ್ತದೆ. ಶೇ 7ಕ್ಕಿಂತ ಹೆಚ್ಚಿನ ತಿದ್ದುಪಡಿಗೆ ಈ ಸೂತ್ರ ಬಳಸಬೇಡಿ ಎಂದು ಮಾನದಂಡವೇ ಹೇಳುತ್ತದೆ. ಸಾಫ್ಟ್‌ವೇರ್ ಮಾತ್ರ ಒಂದು ಎಚ್ಚರಿಕೆಯೂ ಇಲ್ಲದೆ ಗುಣಿಸಿ ಹಾಳೆ ಉಗುಳುತ್ತದೆ.

ಸಿಟಿಗೆ ಇದರಲ್ಲಿ ಸ್ವಲ್ಪವಾದರೂ ಅರ್ಥವಿದೆ. ಗಾಳಿ ತೆಳುವಾದಷ್ಟೂ ಅದರ ಎಂಜಿನ್ ಎಳೆದುಕೊಳ್ಳುವ ಗಾಳಿ ಕಡಿಮೆ, ಪವರೂ ನಿಜವಾಗಿಯೇ ಕಡಿಮೆ. ಆಕ್ಟೇವಿಯಾ ಕತೆ ಬೇರೆ. ಅದರ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹೊರಗಿನ ಗಾಳಿ ಹೇಗೇ ಇರಲಿ, ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್‌ನಲ್ಲಿ ಇಂತಿಷ್ಟು ಒಟ್ಟು ಒತ್ತಡ ಬೇಕೆಂದು ಗುರಿ ಇಟ್ಟುಕೊಂಡಿರುತ್ತದೆ. ಹೊರಗಿನ ಗಾಳಿ ತೆಳುವಾದರೆ ವೇಸ್ಟ್‌ಗೇಟ್ (ಟರ್ಬೊ ತಿರುಗಿಸುವ ಹೊಗೆಯನ್ನು ಪಕ್ಕಕ್ಕೆ ಬಿಡುವ ಕದ) ಇನ್ನಷ್ಟು ಮುಚ್ಚಿ, ಟರ್ಬೊ ಜೋರಾಗಿ ತಿರುಗಿ, ಕೊರತೆಯ ಬಹುಪಾಲನ್ನು ತುಂಬಿಬಿಡುತ್ತದೆ. ಅದೇ ಕೊರತೆಗೆಂದು ಸಾಫ್ಟ್‌ವೇರ್ ಮತ್ತೆ ಶೇ 13 ಸೇರಿಸಿದರೆ, ಚಕ್ರದಲ್ಲಿ ಅಳೆದ 200 ಎಚ್‌ಪಿ ಹಾಳೆಯಲ್ಲಿ 226 ಆಗಿ ಕೂರುತ್ತದೆ. ಆ 26 ಕುದುರೆ ಯಾವ ಟ್ರ್ಯಾಕಿನಲ್ಲೂ ಓಡುವುದಿಲ್ಲ.

ಇದರ ಮೇಲೆ ಇನ್ನೊಂದು ಕಿರಿಕಿರಿ. ತಾಪ ಅಳೆಯುವ ಸೆನ್ಸರನ್ನು ಕಂಟ್ರೋಲ್ ಡಬ್ಬಿಯೊಳಗೇ ಕೂರಿಸಿದ್ದಾರೆ, ಡಬ್ಬಿ ಇರುವುದು ಬ್ರೇಕಿನ ಬಿಸಿಗಾಳಿ ಬಡಿಯುವ ಜಾಗದಲ್ಲಿ. ನಾಲ್ಕೈದು ಪುಲ್ (ಪೂರ್ತಿ ಪೆಡಲ್ ಒತ್ತಿ ಅಳೆಯುವ ಓಟ) ಆಗುವಷ್ಟರಲ್ಲಿ ಅದು 38 ಡಿಗ್ರಿ ತೋರಿಸುತ್ತದೆ, ಏರ್ ಫಿಲ್ಟರ್ ಪಕ್ಕದ ಗಾಳಿ ಇನ್ನೂ 26ರಲ್ಲೇ ಇರುತ್ತದೆ. ಈ ಒಂದು ವ್ಯತ್ಯಾಸಕ್ಕೇ 200 ಎಚ್‌ಪಿ ಮೇಲೆ ಸುಮಾರು 5 ಎಚ್‌ಪಿ ಏರುತ್ತದೆ. ಬೆಳಗಿನ ರನ್‌ಗಿಂತ ಮಧ್ಯಾಹ್ನದ ರನ್ ಚೆನ್ನಾಗಿ ಬಂತೆಂದು ಹಿಗ್ಗುವವರು ಹಿಗ್ಗುತ್ತಿರುವುದು ಬಿಸಿಯಾದ ಡಬ್ಬಿಗೆ. ಪರಿಹಾರ ಸುಲಭ: ಮೂರು ಮೀಟರ್ ವೈರ್ ಜೋಡಿಸಿ ಸೆನ್ಸರನ್ನು ಫಿಲ್ಟರ್ ಹತ್ತಿರ, ಫ್ಯಾನಿನ ನೇರ ಗಾಳಿ ತಗುಲದ ಹಾಗೆ ನೇತುಹಾಕಬೇಕು. ಇಷ್ಟು ಬೆಲೆಯ ಯಂತ್ರದಲ್ಲಿ ಇದನ್ನು ಕೊಂಡವರೇ ಮಾಡಿಕೊಳ್ಳಬೇಕಾಗಿ ಬಂದದ್ದು ಸರಿಯಲ್ಲ.

ನಮ್ಮ ನಿಯಮ ಈಗ ಇಷ್ಟೇ. ಕರೆಕ್ಷನ್ ಪೂರ್ತಿ ಆಫ್. ಪ್ರತಿ ರನ್ನಿನ ಹಾಳೆಯ ಮೇಲೆ ಒತ್ತಡ, ಫಿಲ್ಟರ್ ಬಳಿಯ ತಾಪ, ತೇವಾಂಶ ಕೈಯಲ್ಲಿ ಬರೆಯುವುದು. ಹೋಲಿಕೆ ಏನಿದ್ದರೂ ಅದೇ ದಿನದ, ಅದೇ ಕಾರಿನ ರನ್‌ಗಳ ನಡುವೆ.

ಆ ಹೋಲಿಕೆ ನಿಲ್ಲಬೇಕಾದರೆ ಕಾರನ್ನು ಡೈನೋ ಮೇಲೆ ಬಿಗಿದು ಕಟ್ಟುವ ಕೆಲಸ ಪ್ರತಿಸಲ ಒಂದೇ ರೀತಿ ಆಗಬೇಕು. ಇದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಒಂದು ನಿಮಿಷವೂ ದಂಡವಲ್ಲ. ಡ್ರ್ಯಾಗ್‌ನ ಮೆತ್ತನೆಯ ಟೈರ್ ಬಿಚ್ಚಿಟ್ಟು, ಡೈನೋಗೆಂದೇ ಮೀಸಲಿಟ್ಟ ಸಾಮಾನ್ಯ ಟೈರಿನ ಜೋಡಿ ಹಾಕಬೇಕು. ಮೆತ್ತನೆಯ ರಬ್ಬರ್ ಕಡಿಮೆ ಗಾಳಿಯಲ್ಲಿ ರೋಲರ್ ಮೇಲೆ ನಲುಗಿ ಬಿಸಿಯಾಗುತ್ತದೆ, ಪವರ್ ತಿನ್ನುತ್ತದೆ, ಬೇಗ ಸವೆಯುತ್ತದೆ. ಗಾಳಿ 36 ಪಿಎಸ್‌ಐ, ಟೈರ್ ತಣ್ಣಗಿರುವಾಗಲೇ. ತೋಟದ ದಾರಿಯಿಂದ ಬಂದ ಕಾರಾದರೆ ಟೈರಿನ ಸಂದಿನ ಕೆಂಪುಮಣ್ಣು ಪೂರ್ತಿ ತೊಳೆದು ಒಣಗಿಸಬೇಕು. ರೋಲರಿನ ಉಬ್ಬುಗೆರೆಗಳಲ್ಲಿ ಆ ಮಣ್ಣು ಕೂತರೆ ಸೋಪು ಹಚ್ಚಿದ ಹಾಗೆ ಜಾರುತ್ತದೆ.

ಹಿಂದಿನ ಚಕ್ರಕ್ಕೆ ಎರಡೂ ಕಡೆ ಉರುಳದ ಹಾಗೆ ಅಡ್ಡ ಕೊಟ್ಟು, ಹ್ಯಾಂಡ್‌ಬ್ರೇಕ್. ಮುಂದೆ ಎರಡು ರ‍್ಯಾಚೆಟ್ ಬೆಲ್ಟ್ ಎಡಬಲಕ್ಕೆ ಓರೆಯಾಗಿ, ಹಿಂದೆ ಎರಡು. ಫ್ರಂಟ್ ವೀಲ್ ಕಾರಿನಲ್ಲಿ ತಿರುಗುವ ಚಕ್ರವೇ ಸ್ಟೀರಿಂಗಿನ ಚಕ್ರ. ಕಾರು ರೋಲರ್ ಮೇಲೆ ಪಕ್ಕಕ್ಕೆ ಅಲೆಯುತ್ತದೆ, ಹಾಗಾಗಿ ಮುಂದಿನ ಓರೆ ಬೆಲ್ಟೇ ಜೀವ. ಎರಡನೇ ಗೇರಿನಲ್ಲಿ ನಿಧಾನವಾಗಿ ಉರುಳಿಸಿ, ಕಾರು ತಾನಾಗಿ ನಡುವೆ ನಿಂತ ಮೇಲೆ ಬೆಲ್ಟ್ ಬಿಗಿ ಮಾಡಬೇಕು. ಎಷ್ಟು ಬಿಗಿ ಎಂಬುದನ್ನು ಕೈಯಂದಾಜಿಗೆ ಬಿಡಬಾರದು. ಚಕ್ರದ ನಡುವಿನಿಂದ ಫೆಂಡರಿನ ಅಂಚಿನವರೆಗೆ ಟೇಪಿನಲ್ಲಿ ಅಳೆದು, ಕಾರು ಸರಿಯಾಗಿ 10 ಮಿಲಿಮೀಟರ್ ಕೆಳಗೆ ಕೂರುವವರೆಗೆ ಎಳೆಯುವುದು. ಬಿಗಿ ಹೆಚ್ಚಾದರೆ ಟೈರ್ ರೋಲರಿಗೆ ಒತ್ತಿಕೊಂಡು ಪವರ್ ಕಡಿಮೆ ತೋರಿಸುತ್ತದೆ, ಕಡಿಮೆಯಾದರೆ ಜಾರುತ್ತದೆ. ಡಿಕ್ಕಿಯಲ್ಲಿ ಕಾಫಿ ಮೂಟೆ ತುಂಬಿಸುವವರನ್ನು ನೋಡಿದ್ದೇನೆ. ಫ್ರಂಟ್ ವೀಲ್ ಕಾರಿಗೆ ಅದು ಉಲ್ಟಾ ಕೆಲಸ, ಹಿಂದಿನ ಆಕ್ಸಲಿನಾಚೆಯ ಭಾರ ಮುಂದಿನ ಚಕ್ರವನ್ನು ಹಗುರ ಮಾಡುತ್ತದೆ.

ಜಾರಿತೋ ಇಲ್ಲವೋ ತಿಳಿಯಲು ಎಂಜಿನ್ ಆರ್‌ಪಿಎಂ ಅನ್ನು ರೋಲರ್ ಆರ್‌ಪಿಎಂನಿಂದ ಭಾಗಿಸಿದ ಗೆರೆ ನೋಡಬೇಕು. ಅದು ಪುಲ್ ಉದ್ದಕ್ಕೂ ಮಟ್ಟಸವಾಗಿರಬೇಕು. ಟಾರ್ಕ್ ಹೆಚ್ಚಿರುವ ಕಡೆ ಗೆರೆ ಶೇ 1–2 ಮೇಲೆದ್ದರೆ ಟೈರೋ ಕ್ಲಚ್ಚೋ ಜಾರಿದೆ. ಆ ರನ್ ಹರಿದು ಹಾಕಿ. ಆಕ್ಟೇವಿಯಾದಲ್ಲಿ ಇನ್ನೆರಡು ಎಚ್ಚರಿಕೆ. ಹಿಂದಿನ ಚಕ್ರ ನಿಂತು ಮುಂದಿನದು ತಿರುಗುವುದನ್ನು ಕಂಡು ಟ್ರ್ಯಾಕ್ಷನ್ ಕಂಟ್ರೋಲ್ ಪವರ್ ಕತ್ತರಿಸುತ್ತದೆ, ಮೊದಲೇ ಆಫ್ ಮಾಡಿ. ಗೇರ್ ಮ್ಯಾನ್ಯುಯಲ್ ಮೋಡಿನಲ್ಲಿದ್ದರೂ ಪೆಡಲ್ ತಳದ ಕಿಕ್‌ಡೌನ್ ಗುಂಡಿ ಒತ್ತಿದರೆ ಪುಲ್ ನಡುವೆ ಗೇರ್ ಇಳಿದುಬಿಡುತ್ತದೆ. ಆ 'ಟಕ್' ಬರುವ ಮುಂಚೆ ಕಾಲು ನಿಲ್ಲಲಿ.

ಆಯಿಲ್ 85 ಡಿಗ್ರಿ ಮುಟ್ಟಿದ ಮೇಲೆ 4ನೇ ಗೇರಿನಲ್ಲಿ 2000ದಿಂದ ರೆಡ್‌ಲೈನ್‌ವರೆಗೆ ಹತ್ತು ಸೆಕೆಂಡಿನ ಪುಲ್. ಮೂರು ಪುಲ್, ಮೊದಲನೆಯದು ಲೆಕ್ಕಕ್ಕಿಲ್ಲ. ಉಳಿದೆರಡು ಶೇ 1ರೊಳಗೆ ಕೂಡಿಬಂದರೆ ಮಾತ್ರ ಕೆಲಸ ಶುರು.

ಇಲ್ಲಿಂದ ಮುಂದೆ ಈ ಯಂತ್ರದ ಮೇಲೆ ನನಗೆ ದೂರಿಲ್ಲ. ಪ್ರೀತಿಯೇ ಇದೆ. ಕಾರಣ ಆ ಬ್ರೇಕ್. ಬರೀ ರೋಲರಿನ ಭಾರದ ಮೇಲೆ ಓಡುವ ಡೈನೋದಲ್ಲಿ ಎಂಜಿನ್ ಸರ್ರನೆ ಏರಿ ಹೋಗುತ್ತದೆ, ಒಂದು ಆರ್‌ಪಿಎಂನಲ್ಲಿ ನಿಲ್ಲಿಸಿ ನೋಡಲಾಗದು. ಇದು 4000ಕ್ಕೆ ಹಿಡಿ ಎಂದರೆ ಹಿಡಿದು ನಿಲ್ಲಿಸುತ್ತದೆ, ಪೆಡಲ್ ಎಷ್ಟೇ ಒತ್ತಿದರೂ. ಪೂರ್ತಿ ಥ್ರಾಟಲಿನಲ್ಲಿ ಸಿಟಿಯನ್ನು ಹಾಗೆ ನಿಲ್ಲಿಸಿ ಇಗ್ನಿಷನ್ ಟೈಮಿಂಗ್ 20 ಡಿಗ್ರಿ (ಪಿಸ್ಟನ್ ತುದಿ ಮುಟ್ಟುವುದಕ್ಕೆ ಅಷ್ಟು ಮೊದಲೇ ಕಿಡಿ) ಕೊಟ್ಟರೆ ಟಾರ್ಕ್ 112 ನ್ಯೂಟನ್ ಮೀಟರ್. 24ಕ್ಕೆ 118. 26ಕ್ಕೆ 120. 28ಕ್ಕೆ 120.5. ಅಲ್ಲಿಗೆ ಉತ್ತರ ಸಿಕ್ಕಿತು: 26ರಲ್ಲಿ ನಿಲ್ಲಿಸಿ. ಕೊನೆಯ ಎರಡು ಡಿಗ್ರಿ ಕೊಡುವುದು ಅರ್ಧ ಅಂಕಿ, ಕಿತ್ತುಕೊಳ್ಳುವುದು ಪಿಸ್ಟನ್ ಮತ್ತು ಬೇರಿಂಗಿನ ಆಯುಸ್ಸು. ಪರದೆಯ ಮೇಲೆ ಟಾರ್ಕಿನ ಅಂಕಿ ಒಂದೊಂದಾಗಿ ಮೇಲೇರಿ, ಆಮೇಲೆ ಏರಲು ಮನಸ್ಸಿಲ್ಲದೆ ನಿಲ್ಲುವುದನ್ನು ನೋಡುವ ಸುಖವೇ ಬೇರೆ. ಒಂದು ಹಿಡಿತ 5–6 ಸೆಕೆಂಡ್ ದಾಟಬಾರದು, ಆಮೇಲೆ ಎರಡು ಮೂರು ನಿಮಿಷ ಫ್ಯಾನಿನ ಗಾಳಿ. ಇಲ್ಲದಿದ್ದರೆ ಎಕ್ಸಾಸ್ಟೂ ಕಾಯುತ್ತದೆ, ಬ್ರೇಕಿನ ಡಿಸ್ಕೂ ಕಾಯುತ್ತದೆ.

ಟರ್ಬೊ ಕಾರಿನಲ್ಲಿ ಟಾರ್ಕ್ ನಿಲ್ಲುವ ಮುಂಚೆಯೇ ನಾಕಿಂಗ್ (ಸಿಲಿಂಡರಿನೊಳಗೆ ಇಂಧನ ತಾನಾಗಿ ಸಿಡಿಯುವುದು) ಬರುತ್ತದೆ, ಅದಕ್ಕೆ ಕಿವಿಯೇ ಬೇಕು. 8 ಮಿಲಿಮೀಟರ್ ತಾಮ್ರದ ಕೊಳವೆಯ ತುದಿ ಚಪ್ಪಟೆ ಮಾಡಿ, ತೂತು ಹಾಕಿ, ಎಂಜಿನ್ ಬ್ಲಾಕಿನ ಖಾಲಿ ಬೋಲ್ಟಿಗೆ ಬಿಗಿದು, ಇನ್ನೊಂದು ತುದಿಯಿಂದ ಮೂರು ಮೀಟರ್ ರಬ್ಬರ್ ಪೈಪನ್ನು ಇಯರ್‌ಮಫ್‌ಗೆ ಎಳೆದರೆ ಸಾಕು. ನಾಕಿಂಗ್ ಸಣ್ಣ ಕಲ್ಲು ತಗಡಿಗೆ ಬಿದ್ದ ಹಾಗೆ ಕೇಳುತ್ತದೆ. ಕೇಳಿದೊಡನೆ ಎರಡು ಡಿಗ್ರಿ ಹಿಂದೆ.

ಇಂಧನದ ಮಿಶ್ರಣವನ್ನು ಎಎಫ್‌ಆರ್‌ನಲ್ಲಿ, ಅಂದರೆ ಗಾಳಿ-ಇಂಧನದ ಅನುಪಾತದಲ್ಲಿ, ಮಾತಾಡುವುದನ್ನು ಬಿಟ್ಟು ಲ್ಯಾಂಬ್ಡಾದಲ್ಲೇ ಮಾತಾಡಿ. ಆ ಅನುಪಾತವನ್ನು ಸಮತೋಲನದ ಅನುಪಾತದಿಂದ ಭಾಗಿಸಿದ ಅಂಕಿ ಅದು; 1ಕ್ಕಿಂತ ಕಡಿಮೆಯಾದರೆ ಇಂಧನ ಹೆಚ್ಚು. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಅದರ ಸಮತೋಲನದ ಅನುಪಾತ 13.5ರ ಹತ್ತಿರ, ಹಳೆಯ 14.7 ಅಲ್ಲ. ಲ್ಯಾಂಬ್ಡಾಕ್ಕೆ ಆ ಗೊಂದಲವಿಲ್ಲ: ಸಿಟಿಗೆ 0.87, ಟರ್ಬೊಗೆ 0.80. ಡೈನೋ ಜೊತೆ ಬರುವ, ಸೈಲೆನ್ಸರ್ ಬಾಯಿಗೆ ತೂರಿಸುವ ಕೊಳವೆ ಕಡಿಮೆ ಆರ್‌ಪಿಎಂನಲ್ಲಿ ಹೊರಗಿನ ಗಾಳಿಯನ್ನೂ ಎಳೆದುಕೊಂಡು ಇಂಧನ ಕಡಿಮೆಯಿದೆ ಎಂದು ತೋರಿಸುತ್ತದೆ. ಎಂಜಿನ್ ಹತ್ತಿರದ ಎಕ್ಸಾಸ್ಟ್ ಕೊಳವೆ ಡೌನ್‌ಪೈಪಿಗೇ ಬಂಗ್ (ಸೆನ್ಸರ್ ತಿರುಗಿಸಿ ಕೂರಿಸುವ ಗೂಡು) ವೆಲ್ಡ್ ಮಾಡಿಸಿ ಸೆನ್ಸರ್ ಹಾಕಿ, ನೀರು ನಿಲ್ಲದ ಹಾಗೆ ಅಡ್ಡಗೆರೆಗಿಂತ ಕನಿಷ್ಠ 10 ಡಿಗ್ರಿ ಮೇಲ್ಮುಖವಾಗಿ.

ಡ್ರ್ಯಾಗ್‌ಗೆ ಡೈನೋ ಕೊಡುವ ದೊಡ್ಡ ಉಡುಗೊರೆ ಗೇರ್ ಬದಲಿಸುವ ಜಾಗ. ಮೂರನೇ ಗೇರ್ 1.36, ನಾಲ್ಕನೆಯದು 1.03 ಎಂದಿಟ್ಟುಕೊಳ್ಳಿ. 7000ದಲ್ಲಿ ಬದಲಿಸಿದರೆ ಎಂಜಿನ್ 5300ಕ್ಕೆ ಇಳಿಯುತ್ತದೆ. 7000ದಲ್ಲಿ ಟಾರ್ಕ್ 105 ಇದ್ದರೆ ಮೂರರ ಎಳೆತ 105 × 1.36, ಅಂದರೆ 143. 5300ರಲ್ಲಿ 130 ಇದ್ದರೆ ನಾಲ್ಕರ ಎಳೆತ 134 ಮಾತ್ರ. ಇನ್ನೂ ಮೂರರಲ್ಲೇ ಇರಿ. 7300ರಲ್ಲಿ ಟಾರ್ಕ್ 96ಕ್ಕೆ ಬಿದ್ದರೆ ಮೂರರದು 131, ಆಗ 5530ರಲ್ಲಿ 129 ಕೊಡುವ ನಾಲ್ಕರದು 133. ಬದಲಿಸುವ ಜಾಗ ಈ ಎರಡರ ನಡುವೆ, 7300ರ ಅಂಚಿನಲ್ಲಿದೆ. ಎಂಜಿನ್ ಅದನ್ನು ತಡೆದುಕೊಳ್ಳುವಂತಿದ್ದರೆ ಶಿಫ್ಟ್ ಲೈಟ್ ಅಲ್ಲಿಗಿಡಿ. ಇದಕ್ಕೆ ಕರೆಕ್ಷನ್ನೂ ಬೇಡ, ಸರಿಯಾದ ಎಚ್‌ಪಿಯೂ ಬೇಡ. ಗೆರೆಯ ಆಕಾರ ಸರಿಯಿದ್ದರೆ ಆಯಿತು.

ಲಾಂಚ್ (ನಿಂತಲ್ಲಿಂದ ಹೊರಡುವುದು) ಮತ್ತು ಮೊದಲ 60 ಅಡಿಯ ಬಗ್ಗೆ ಡೈನೋ ಏನೂ ಹೇಳದು, ಅದನ್ನು ಟ್ರ್ಯಾಕಿನಲ್ಲೇ ಕಲಿಯಬೇಕು. ಪವರ್ ನಿಜವಾಗಿ ಏರಿದೆಯೇ ಎಂಬುದಕ್ಕೆ ಸಾಕ್ಷಿ ಟ್ರ್ಯಾಪ್ ಸ್ಪೀಡ್, ಅಂದರೆ ಕೊನೆಯ ಗೆರೆ ದಾಟುವಾಗಿನ ವೇಗ. ಅದು ಪವರಿನ ಘನಮೂಲದ ಜೊತೆ ಏರುತ್ತದೆ; ಡೈನೋದಲ್ಲಿ ಶೇ 9 ಗಳಿಸಿದ ಕಾರು ಅದೇ ತೂಕದಲ್ಲಿ ಗಂಟೆಗೆ 150 ಕಿಲೋಮೀಟರಿನ ಬದಲು 154ಕ್ಕೆ ಗೆರೆ ದಾಟಬೇಕು. ದಾಟದಿದ್ದರೆ ಡೈನೋ ದಿನ ಎಲ್ಲೋ ಅಳತೆ ತಪ್ಪಿದೆ, ಇಲ್ಲವೇ ಟ್ರ್ಯಾಕಿನಲ್ಲಿ ಇಸಿಯು ಟೈಮಿಂಗ್ ಹಿಂದೆಳೆದಿದೆ.

ಘಟ್ಟ ಇಳಿಯುವವರು ಒಂದು ಮಾತು ಮರೆಯಬಾರದು. ಥ್ರಾಟಲ್ ಕೋನ ಮತ್ತು ಆರ್‌ಪಿಎಂ ಮಾತ್ರ ನೋಡಿ ಇಂಧನ ಕೊಡುವ ಮ್ಯಾಪನ್ನು ಇಲ್ಲಿ ಟ್ಯೂನ್ ಮಾಡಿ ಚೆನ್ನೈಗೆ ಒಯ್ದರೆ, ಅಲ್ಲಿ ಒತ್ತಡ ಶೇ 10 ಹೆಚ್ಚು. 0.87 ಇದ್ದ ಲ್ಯಾಂಬ್ಡಾ 0.95ರ ಮೇಲೆ ಹೋಗಿ ಪಿಸ್ಟನ್ ಕರಗಿಸುತ್ತದೆ. ಬ್ಯಾರೋಮೀಟರ್ ತಿದ್ದುಪಡಿ ಇಸಿಯುನಲ್ಲಿ ಆನ್ ಇರಲೇಬೇಕು. ಹಾಗೆಯೇ ಡಿಸೆಂಬರಿನ 16 ಡಿಗ್ರಿ ಬೆಳಗಿನಲ್ಲಿ ತಡೆದುಕೊಂಡ ಟೈಮಿಂಗ್ ಬಯಲುಸೀಮೆಯ 36 ಡಿಗ್ರಿಯಲ್ಲಿ ನಾಕ್ ಆಗುತ್ತದೆ. ಕೊನೆಯ ಎರಡು ಪುಲ್ ತಣಿಸದೆ ಬೆನ್ನುಬೆನ್ನಿಗೆ ಮಾಡಿ, ಒಳಬರುವ ಗಾಳಿ 55 ಡಿಗ್ರಿ ಮುಟ್ಟಿದಾಗ ಇಸಿಯು ಎಷ್ಟು ಹಿಂದೆ ಸರಿಯುತ್ತದೆಂದು ನೋಡಿಕೊಂಡೇ ಕಾರು ಇಳಿಸುವುದು.

ಮಳೆಗಾಲದ ಉಪಚಾರ ಬೇರೆಯೇ ಇದೆ. ಕಕ್ಕಡದ ತಿಂಗಳಲ್ಲಿ ರೋಲರ್ ಒಂದು ರಾತ್ರಿಗೆ ತುಕ್ಕು ಹಿಡಿಯುತ್ತದೆ. ಎಣ್ಣೆ ಹಚ್ಚುವಂತಿಲ್ಲ, ಟೈರ್ ಜಾರುತ್ತದೆ; ಒಣಬಟ್ಟೆಯಲ್ಲಿ ಒರೆಸಿ ಹೊದಿಕೆ ಹಾಕಿ, ಕೆಳಗೆ 60 ವ್ಯಾಟಿನ ಹಳೆಯ ಬಲ್ಬ್ ಉರಿಯಲು ಬಿಟ್ಟರೆ ತೇವ ಕೂರುವುದಿಲ್ಲ. ಬ್ರೇಕಿನ ಮೇಲಿನ ಬಲ ಅಳೆಯುವ ಲೋಡ್ ಸೆಲ್‌ನ ಸೊನ್ನೆಯೂ ತೇವಕ್ಕೆ ಜರುಗುತ್ತದೆ. ಕಾಫಿ ತೂಗುವ ಯಂತ್ರದಲ್ಲಿ ಸರಿಯಾಗಿ 20 ಕಿಲೋ ತೂಗಿಟ್ಟ ಕಬ್ಬಿಣವನ್ನು ಒಂದು ಮೀಟರ್ ತೋಳಿಗೆ ನೇತುಹಾಕಿದರೆ ಪರದೆ 196 ನ್ಯೂಟನ್ ಮೀಟರ್ ತೋರಿಸಬೇಕು. ಐದು ನಿಮಿಷದ ಕೆಲಸ, ಪ್ರತಿ ಡೈನೋ ದಿನದ ಬೆಳಿಗ್ಗೆ. ವೋಲ್ಟೇಜ್ ಬಿದ್ದ ದಿನ ಬ್ರೇಕಿಗೆ ಹಿಡಿತ ಸಾಲದು, 4000ಕ್ಕೆ ನಿಲ್ಲಬೇಕಾದ ಎಂಜಿನ್ 4200ಕ್ಕೆ ತೆವಳುತ್ತದೆ; ಅಂಥ ದಿನ ಜನರೇಟರ್ ಹಾಕಿ, ಇಲ್ಲವೇ ಕಾರು ಇಳಿಸಿ. ಮಳೆಯೆಂದು ಶೆಡ್ಡಿನ ಬಾಗಿಲು ಮಾತ್ರ ಮುಚ್ಚಬೇಡಿ. ಎಕ್ಸಾಸ್ಟ್ ಹೊಗೆಯನ್ನು ಪೈಪಿನಲ್ಲಿ ಹೊರಗೆ ಎಳೆಯುವ ಫ್ಯಾನ್ ಓಡುತ್ತಿದ್ದರೂ ಎರಡೂ ಬದಿಯ ಬಾಗಿಲು ತೆರೆದಿರಲಿ, ಇರಚಲು ಒಳಗೆ ಬಂದರೂ ಬರಲಿ.